ಗಂಜಿ ಹಾಕಿದ ಬಾವುಟ

ಹೊಸದಾಗಿ ತಾಲೂಕು ಕಚೇರಿಗೆ ಕೆಲಸಕ್ಕ ಸೇರಿರೋ ತಮ್ಮಗೋಳ, ತಂಗಿಗೋಳ, ಒಂದು ಮಾತು ಮೊದಲ ಹೇಳಿಬಿಡ್ತೀನಿ. ಪ್ರತಿ ಕಚೇರಿಯೊಳಗ ಯಾರಿಗೂ ಬ್ಯಾಡಾದ ಕೆಲಸ ಒಂದು ಇರ್ತೈತಿ. ಅದನ್ನ ನೀವು ಹುಡುಕೋದು ಬ್ಯಾಡ, ಅದ ನಿಮ್ಮನ್ನ ಹುಡುಕ್ಕೊಂಡು ಬರ್ತೈತಿ. ನನ್ನ ಹುಡುಕ್ಕೊಂಡು ಬಂದಿದ್ದು ರಾಷ್ಟ್ರೀಯ ಹಬ್ಬಗಳ ಫೈಲು. ಪಹಣಿ ನೋಡೋ ಗುಮಾಸ್ತನ ಸುತ್ತ ಜನ ಇರ್ತಿದ್ರು, ಪ್ಲಾಟಿನ ಫೈಲು ನೋಡೋವನ ಸುತ್ತ ಕಾರು ಇರ್ತಿದ್ವು, ನನ್ನ ಸುತ್ತ ಒಂದು ಬಾವುಟ, ಒಂದು ಹಗ್ಗ, ಒಂದು ತುಕ್ಕು ಹಿಡಿದ ಗಡಗಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ನಾಕೂ ಕಡೆ ವರ್ಗಾ ಮಾಡಿದ್ರು. ಹೋದಲ್ಲೆಲ್ಲಾ ನನಗಿಂತ ಮೊದಲ ನನ್ನ ಹೆಸರು ಹೋಗಿ ಕುಂತಿರ್ತಿತ್ತು. "ಝಂಡಾ ಬಸಣ್ಣ ಬಂದ್ನಪಾ, ಆ ಫೈಲು ಅವಗ ಕೊಡ್ರಿ" ಅಂತಿದ್ರು. ಬಡ್ತಿ ಬಂದ್ವು, ಕುರ್ಚಿ ಬದಲಾದ್ವು, ಹಗ್ಗ ಮಾತ್ರ ಕೈಯಾಗ ಉಳೀತು.

ಬಾವುಟ ಕಟ್ಟೋದು ಒಂದು ಕೆಲಸ ಏನ್ರಿ ಅಂತ ನೀವು ನಗ್ತೀರಿ, ಗೊತ್ತೈತಿ. ನಾನೂ ನಕ್ಕಿದ್ದೆ. ಒಳಗ ಹೂವಿನ ಪಕಳಿ ಹಾಕಿ ಮಡಚಬೇಕು, ಮ್ಯಾಲ ಜಾರುಗಂಟು ಹಾಕಬೇಕು. ಗಂಟು ಹೆಂಗಿರಬೇಕಂದ್ರ ಗಾಳಿಗೆ ಬಿಚ್ಚಬಾರದು, ಮುಖ್ಯ ಅತಿಥಿ ಜಗ್ಗಿದ್ರ ಬಿಚ್ಚಬೇಕು. ಅತಿಥಿಗಳೊಳಗ ಪೈಲ್ವಾನರೂ ಇರ್ತಾರ, ಸಕ್ಕರಿ ಕಾಯಿಲೆಯವರೂ ಇರ್ತಾರ, ಇಬ್ಬರಿಗೂ ಒಂದ ಗಂಟು. ಬಿಚ್ಚಿದ್ರ ಚಪ್ಪಾಳಿ ಅವರಿಗೆ. ಬಿಚ್ಚಲಿಲ್ಲಂದ್ರ ಇಡೀ ಮೈದಾನ ಹೊಳ್ಳಿ ನನ್ನ ನೋಡ್ತಿತ್ತು. ಒಮ್ಮೆ ಒಬ್ಬ ದೊಡ್ಡ ಮನಷ್ಯಾ ಎಷ್ಟು ಜೋರಾಗಿ ಜಗ್ಗಿದ್ರಂದ್ರ, ಕಟ್ಟಿದ ಬಾವುಟ ಹಗ್ಗದ ಸಮೇತ ಜಾರಿ ಅವರ ಎದಿಮ್ಯಾಲ ಬಂದು ಬಿತ್ತು. ಪಕಳಿ ಎಲ್ಲಾ ಅವರ ತಲಿಮ್ಯಾಲ. ಅವರು ಇದೇನೋ ಹೊಸ ಥರದ ಸನ್ಮಾನ ಅಂತ ತಿಳಕೊಂಡು ಜನರಿಗೆ ಕೈ ಮುಗಿದ್ರು. ನನಗ ಮೆಮೊ ಬಂತು.

ಇನ್ನ ಭಾಷಣ. ಬಾವುಟದ ಬಣ್ಣದ ಅರ್ಥ ಹೇಳದ ಭಾಷಣ ನಾ ಕೇಳಿಲ್ಲ, ಎರಡು ಭಾಷಣದಾಗ ಒಂದ ಅರ್ಥಾನೂ ಕೇಳಿಲ್ಲ. ಕೇಸರಿ ಅಂದ್ರ ತ್ಯಾಗ, ಬಿಳಿ ಅಂದ್ರ ಸತ್ಯ, ಹಸರು ಅಂದ್ರ ಸಮೃದ್ಧಿ ಅಂತ ಸಾಲಿ ಹುಡುಗ್ರು ಬಾಯಿಪಾಠ ಒಪ್ಪಿಸ್ತಿದ್ರು. ಗಂಗಾವತಿಯೊಳಗ ಒಬ್ಬರು ಅಕ್ಕಿ ಗಿರಣಿ ಮಾಲಕರು ಮೈಕ್ ಹಿಡದು, "ಹಸರು ನಮ್ಮ ಭತ್ತದ ಗದ್ದಿ, ಬಿಳಿ ನಮ್ಮ ಸೋನಾ ಮಸೂರಿ, ಕೇಸರಿ ಈಗ ನೀವೆಲ್ಲಾ ತಿನ್ನೋ ಕೇಸರಿಬಾತ್" ಅಂದ್ರು. ಅವತ್ತು ಬಿದ್ದಷ್ಟು ಚಪ್ಪಾಳಿ ತ್ಯಾಗಕ್ಕ ಯಾವತ್ತೂ ಬಿದ್ದಿಲ್ಲ. ಚಕ್ರದಾಗ ಇಪ್ಪತ್ನಾಕು ಗೆರಿ ಯಾಕದಾವ ಅಂತ ಒಬ್ಬ ಹುಡುಗಿ ಕೇಳಿದ್ದಕ್ಕ ಇನ್ನೊಬ್ಬ ಅತಿಥಿ, ಇಪ್ಪತ್ನಾಕು ತಾಸೂ ಕರೆಂಟು ಕೊಡಬೇಕು ಅಂತ ಹಿರ್ಯಾರು ಕಂಡ ಕನಸು ಅಂತ ಹೇಳಿದ್ರು. ಹೇಳಿ ಮುಗಿಸೋದ್ರಾಗ ಮೈಕ್ ಬಂದ್ ಆತು.

ನಮ್ಮ ಭಾಗಕ್ಕ ಇನ್ನೊಂದು ವಿಶೇಷ ಐತಿ, ಬ್ಯಾರೆ ಕಡಿಂದ ಬಂದ ಸಾಹೇಬ್ರಿಗೆ ಇದು ತಿಳಿಯಂಗಿಲ್ಲ. ದೇಶಕ್ಕೆಲ್ಲಾ ವರ್ಷಕ್ಕ ಎರಡು ಸಲ ಝಂಡಾ, ನಮಗ ಸೆಪ್ಟೆಂಬರ್ ಹದಿನೇಳಕ್ಕ ಇನ್ನೊಂದು ಸಲ. ದೇಶ ಸ್ವತಂತ್ರ ಆದ ಮ್ಯಾಲೂ ಒಂದು ವರ್ಷ ನಾವು ನಿಜಾಮನ ಕೈಯಾಗ ಇದ್ವಿ, ಆಮ್ಯಾಲ ಬಿಟ್ರು ಅನ್ನೋದರ ನೆನಪು ಅದು. ನಮ್ಮಜ್ಜ ನಿಜಾಮನ ಬಾವುಟ ಕಣ್ಣಾರೆ ಕಂಡಾವ. ಹಳದಿ ಅರಬಿ, ಅಂದ್ರ ಬಟ್ಟಿ, ನಟ್ಟ ನಡುವ ದುಂಡಗ ಬಿಳಿದೊಂದು. ಯಾರೋ ಸಂತರು ಆ ಮನೆತನದ ಮೂಲ ಪುರುಷಗ ರೊಟ್ಟಿ ಉಣ್ಣಾಕ ಕೊಟ್ರಂತ, ಅವ ರಾಜಾ ಆದ ಮ್ಯಾಲ ಆ ರೊಟ್ಟಿನ ಬಾವುಟಕ್ಕ ಏರಿಸಿದ್ನಂತ. ಅಜ್ಜ ಹೇಳ್ತಿದ್ದ, "ನಾವು ಉಪಾಸ ಇದ್ದು ಅವನ ರೊಟ್ಟಿಗೆ ಸಲಾಮ್ ಹೊಡೀತಿದ್ವಿ ನೋಡೋ. ಬಾವುಟ ಬದಲಾದ ದಿನ ನಮ್ಮ ಊರಾಗ ಜನ ಖುಷಿಗೆ ಅತ್ರು. ಹೊಸಾ ಬಾವುಟದಾಗ ರೊಟ್ಟಿ ಇಲ್ಲ, ಗಾಲಿ ಐತಿ ಅಂತ ನಾ ಮಾತ್ರ ಕೇಳಿದೆ. ಮುಂದ ಹೋಗಾಕ ಗಾಲಿ ಬೇಕಲೇ ಅಂತ ನಮ್ಮಪ್ಪ ಬೈದ." ಈ ಕಥಿ ನಾ ಒಬ್ಬರು ತಹಶೀಲ್ದಾರ್ ಸಾಹೇಬ್ರಿಗೆ ಹೇಳಿದೆ. ಅವರು ಅದನ್ನ ತಮ್ಮ ಅಜ್ಜನ ಕಥಿ ಮಾಡಿ ಭಾಷಣದಾಗ ಹೇಳಿದ್ರು. ಅವರ ಅಜ್ಜ ಮಂಡ್ಯದಾವ.

ಇವೆಲ್ಲಾ ನಗೋ ಮಾತಾದ್ವು. ಬಾವುಟ ಅಂದ್ರ ಏನು ಅಂತ ನನಗ ತಿಳಿದಿದ್ದು ಹುಲಿಗೆಮ್ಮನ ಕೇಸಿನಾಗ. ಅದು ಯಾವ ತಾಲೂಕು, ಯಾವ ಊರು ಅಂತ ಹೇಳಂಗಿಲ್ಲ. ಆ ಊರಿನ ಜನ ಒಳ್ಳೆಯವರು, ಅವರೂ ಇದನ್ನ ಓದಬಹುದು.

ಹುಲಿಗೆಮ್ಮನ ತವರು ತಳಕಲ್. ಗಂಡ ಯಮನೂರಪ್ಪ ಮಿಲಿಟರಿಯೊಳಗಿದ್ದ. ಗಡಿ ಕಡೆ ಹಿಮದಾಗ ಗಾಡಿ ಜಾರಿ ಸತ್ತ. ಪೆಟಿಗಿ ಊರಿಗೆ ಬಂದಾಗ ಸುತ್ತಿನ ಹಳ್ಳಿಯೆಲ್ಲಾ ಬಂದು ನಿಂತಿತ್ತು. ಪೆಟಿಗಿ ಸಂಗಾಟ ಬಂದಿದ್ದ ಹವಾಲ್ದಾರ್ ಹಿಂದಿಯೊಳಗ ಹೇಳಿದ್ದನ್ನ ಕನ್ನಡಕ್ಕ ತಿರುವಿ ಹೇಳೋ ಕೆಲಸ ನನ್ನದಿತ್ತು, ಯಾಕಂದ್ರ ಬಾವುಟ ಅಂದ್ರ ನಾನ ಅಲ್ಲೇನು ಮತ್ತ. ಕೇಸರಿ ಬಣ್ಣ ಸತ್ತವನ ತಲಿ ಕಡೆ ಇರಬೇಕು. ಬಾವುಟ ಕುಣಿಯೊಳಗ ಇಳೀಬಾರದು, ಅದಕ್ಕ ಮಣ್ಣು ಹತ್ತಬಾರದು. ಮಣ್ಣು ಕೊಡೋಕಿಂತ ಮೊದಲ ತಗದು, ಮಡಚಿ, ಮನಿಯವರ ಕೈಗೆ ಕೊಡಬೇಕು. ಇಷ್ಟನ್ನ ಅವ ನಿಧಾನ ಹೇಳಿದ. ಮಂದಿ ಸರಿಯೋತನಕ ಕಾಯ್ಕೊಂತ ನಿಂತಾಗ ಇನ್ನೊಂದು ಮಾತೂ ಹೇಳಿದ. ಹಿಂದಿನ ಕಾಲದ ಯುದ್ಧದಾಗ ಧೂಳು ಎದ್ದು ಯಾರು ನಮ್ಮವರು, ಯಾರು ವೈರಿ ಅಂತ ಕಾಣ್ತಿರಲಿಲ್ಲಂತ. ನಿಶಾನಿ, ಅಂದ್ರ ದಂಡಿನ ಬಾವುಟ, ಎಲ್ಲಿ ಐತೋ ಅಲ್ಲಿ ನಮ್ಮವರು ಅಂತ ಸಿಪಾಯಿಗೋಳು ಅದರ ಕಡೆ ಓಡ್ತಿದ್ರಂತ. ವೈರಿ ಮೊದಲ ಹೊಡಿತಿದ್ದದ್ದು ನಿಶಾನಿ ಹಿಡಿದವನ್ನ. ಆದ್ರೂ ನಿಶಾನಿ ಹಿಡಿಯಾಕ ಜಗಳ ಇರ್ತಿತ್ತಂತ. ನಮ್ಮ ಕಚೇರಿಯೊಳಗ ಯಾರೂ ಹೊಡಿಯಂಗಿಲ್ಲ, ಆದ್ರೂ ಹಿಡಿಯವರು ಇಲ್ಲ ಅಂತ ನಾ ಅನ್ನಬೇಕು ಅಂದಿದ್ದೆ, ಅಷ್ಟೊತ್ತಿಗೆ ಮಂದಿ ಸರದು ದಾರಿ ಆತು.

ಹವಾಲ್ದಾರ್ ಬಾವುಟ ಮಡಚಿ ಹುಲಿಗೆಮ್ಮನ ಎರಡೂ ಕೈಮ್ಯಾಲ ಇಟ್ಟು ಸೆಲ್ಯೂಟ್ ಹೊಡದ. ಆಕಿ ಅಳಲಿಲ್ಲ. ಅದನ್ನ ಎದಿಗೆ ಅವುಚಿಕೊಂಡು ಮನಿ ಕಡೆ ನಡದಳು. ಹೊಸ್ತಿಲದಾಗ ಮಾವ ಫಕೀರಪ್ಪ ಅಡ್ಡ ನಿಂತ. ಹಿಂದ ಊರಿನ ನಾಕು ಮಂದಿ ಹಿರ್ಯಾರು.

"ಅದು ಒಳಗ ಬ್ಯಾಡವಾ," ಅಂದ ಫಕೀರಪ್ಪ. "ಹೆಣದ ಮ್ಯಾಲ ಹೊದಿಸಿದ ಅರಬಿ ಹೊಳ್ಳಿ ಮನಿಗೆ ಬರಂಗಿಲ್ಲ. ನಮ್ಮ ಹಿರ್ಯಾರ ಕಾಲದಿಂದ ಬಂದದ್ದು."

"ಇದು ಅರಬಿ ಅಲ್ಲರಿ ಮಾವಾರ," ಅಂದಳಾಕಿ.

"ಅರಬಿ ಅಲ್ಲಂದ್ರ ಮತ್ತೇನು? ಮನಿಯಾಗ ಸಣ್ಣ ಕೂಸು ಐತಿ. ಮೈಲಿಗಿ ಒಳಗ ತರಬ್ಯಾಡ."

ಅರ್ಧ ತಾಸಿನ ಹಿಂದ ಇದ ಹಿರ್ಯಾರು ಗಂಟಲು ಹರಿಯೋವಂಗ ಘೋಷಣೆ ಕೂಗಿದ್ರು. ನಾ ಅಲ್ಲೇ ನಿಂತಿದ್ದೆ. ದೇಶದ ಸಲುವಾಗಿ ಪ್ರಾಣ ಕೊಡ್ತೀವಿ ಅಂದವರಿಗೆ ಹೊಸ್ತಿಲದಾಗ ಒಂದು ಗೇಣು ಜಾಗ ಕೊಡಾಕ ಆಗಲಿಲ್ಲ. ನಾ ಬಾಯಿ ತಗದು ಏನೋ ಹೇಳಾಕ ಹೋದೆ. "ಸಾಹೇಬ್ರ, ಇದು ಮನಿ ವಿಷಯ" ಅಂದ ಫಕೀರಪ್ಪ. ಅವನ ಕಣ್ಣು ಕೆಂಪಾಗಿದ್ವು, ಮಗನ್ನ ಕಳಕೊಂಡ ಮನಷ್ಯಾ. ನಾ ಜೀಪು ಹತ್ತಿದೆ.

ಕೆಲವು ದಿನಕ್ಕ ನಮ್ಮ ಕಚೇರಿಗೆ ಒಂದು ದೂರು ಬಂತು. ರಾಷ್ಟ್ರಧ್ವಜವನ್ನು ದನದ ಕೊಟ್ಟಿಗೆಯಲ್ಲಿ ಇಟ್ಟು ಅವಮಾನ ಮಾಡಲಾಗಿದೆ, ತಪ್ಪಿತಸ್ಥರ ಮೇಲೆ ಕ್ರಮ ಜರುಗಿಸಬೇಕು ಅಂತ. ಸಂಗಾಟ ಮೊಬೈಲಿನ ಫೋಟೊ. ಕಳಿಸಿದವನು ಆ ಊರಾವನ, ಹಿರ್ಯಾರೊಳಗ ಒಬ್ಬರ ಮಗ. ತನಿಖೆಗೆ ನನ್ನನ್ನ ಕಳಿಸಿದ್ರು.

ಹೋಗಿ ನೋಡಿದ್ರ, ಕೊಟ್ಟಿಗಿಯ ಒಂದು ಮೂಲಿ ಸಾರಿಸಿ, ರಂಗೋಲಿ ಹಾಕಿ, ಗಂಡನ ಕಬ್ಬಿಣದ ಟ್ರಂಕು ಇಟ್ಟಿದ್ದಳು. ಟ್ರಂಕಿನೊಳಗ ಬಿಳಿ ಧೋತರದಾಗ ಸುತ್ತಿದ ಬಾವುಟ. ನಮ್ಮ ಕಚೇರಿಯ ಅಭಿಲೇಖಾಲಯ ಅಷ್ಟು ಸ್ವಚ್ಛ ಇದ್ದದ್ದು ನಾ ನೋಡಿಲ್ಲ.

"ನನ್ನ ಮ್ಯಾಲ ಕೇಸು ಹಾಕ್ತೀರೇನ್ರಿ ಅಣ್ಣಾರ?" ಅಂತ ಕೇಳಿದಳು.

"ಯಾರ ಮ್ಯಾಲ ಹಾಕಬೇಕು ಅಂತ ಯೋಚನಿ ಮಾಡಾಕತ್ತೀನಿ ತಂಗಿ," ಅಂದೆ.

ನಿಯಮದ ಪುಸ್ತಕ ತಿರುವಿ ಹಾಕಿದೆ. ಹರಿದ ಬಾವುಟ ಹಾರಿಸಬಾರದು, ಹೊಲಸಾದದ್ದು ಹಾರಿಸಬಾರದು, ಮೇಜಿಗೆ ಹಾಸಬಾರದು, ಮೈಗೆ ಸುತ್ತಿಕೋಬಾರದು. ಮೈಲಿಗಿ ಅನ್ನೋ ಮಾತು ಮಾತ್ರ ಎಲ್ಲೂ ಸಿಗಲಿಲ್ಲ. ಪಂಚಾಯ್ತಿಯೊಳಗ ಗಾಜಿನ ಪೆಟಿಗಿ ಮಾಡಿ ಇಡ್ರಿ ಅಂತ ಅಧ್ಯಕ್ಷರಿಗೆ ಕೇಳಿದೆ. "ಛಲೋ ವಿಚಾರ ಸರ, ಆದ್ರ ನನ್ನ ಮಗಳ ಲಗ್ನ ಐತ್ರಿ, ಮುಗೀಲಿ" ಅಂದ್ರು. ಸಾಲಿಗೆ ಹೋದೆ. ಹೆಡ್‌ಮಾಸ್ತರು, "ನನಗೇನಿಲ್ಲ ಸರ, ಮಕ್ಕಳು ಅಂಜತಾವು" ಅಂದ್ರು. ಮಕ್ಕಳಿಗೆ ಕೇಳಿದ್ರ ಅವು ಅಂಜಲಿಲ್ಲ, ನೋಡಬೇಕು ಅಂದ್ವು. ಕಡೀಕ ಹುಲಿಗೆಮ್ಮನೇ ಹೇಳಿದಳು, "ನಿಮ್ಮ ಕಡೆ ಇಟ್ಟುಕೊಳ್ರಿ ಅಣ್ಣಾರ. ಕೊಟ್ಟಿಗಿಯೊಳಗ ಬ್ಯಾಡ. ನಾ ಯಾವತ್ತರ ಮನಿಗೆ ಒಯ್ತೀನಿ. ಅವರು ಮನಿಗೆ ಬರಬೇಕು ಅಂತ ರಜಾ ಹಾಕಿ ಕಾಯ್ಕೊಂತ ಕುಂತಿದ್ರು." ಗಂಡ ಅನ್ನೋದನ್ನೂ ಬಾವುಟ ಅನ್ನೋದನ್ನೂ ಆಕಿ ಬ್ಯಾರೆ ಮಾಡಿ ಹೇಳ್ತಿರಲಿಲ್ಲ.

ಹಂಗ ಅದು ನನ್ನ ಕಬ್ಬಿಣದ ಅಲ್ಮೇರಾಕ್ಕ ಬಂತು. ದೂರಿನ ಫೈಲು ಮುಗಸಿ ಹಾಕಿದೆ. ವರ್ಷಕ್ಕ ಮೂರು ಸಲ ಝಂಡಾ ದಿನ ಆಕಿ ಬಸ್ಸು ಹಿಡದು ಬರಾಕಿ. ನಾ ಅಲ್ಮೇರಾ ತಗೀತಿದ್ದೆ. ಆಕಿ ಧೋತರದ ಮ್ಯಾಲ ಕೈ ಇಟ್ಟು ಸ್ವಲ್ಪ ಹೊತ್ತು ನಿಂತು, "ಬರ್ತೀನ್ರಿ" ಅಂತ ಹೋಗ್ತಿದ್ದಳು. ಮಾವ ಏನಂತಾರ ಅಂತ ಕೇಳಿದ್ರ ಪ್ರತಿ ಸಲ ಒಂದ ಉತ್ತರ, "ಇನ್ನಾ ಇಲ್ಲರಿ."

ಆ ಹೊತ್ತಿಗೆ ನಮ್ಮ ಕಚೇರಿಗೆ ಹನುಮಂತಪ್ಪ ಅನ್ನೋ ಜವಾನ ವರ್ಗಾ ಆಗಿ ಬಂದ. ನನ್ನ ವಾರಿಗಿಯಾವ, ಒಂದ ವಯಸ್ಸು. ಗಂಗಾವತಿ ಕಡೆ ಕಾಲುವಿ ನೀರು ಕುಡದು ಬೆಳದಾವ. ಅವರ ಕಡೆ ಅರಬಿ ಅಂದ್ರ ಒಗದು ಅನ್ನದ ಗಂಜಿಯೊಳಗ ಅದ್ದಬೇಕು, ಗಂಜಿ ಇಲ್ಲದ ಅರಬಿ ಉಟ್ರ ಬರಿಮೈ ಇದ್ದಂಗ. ನಮ್ಮ ಜ್ವಾಳದ ನಾಡಿನಾಗ ಗಂಜಿ ಕುಡಿಯೋದು, ಅರಬಿಗೆ ಹಾಕೋದಲ್ಲ. ಈ ಫರಕು ನನಗ ಹೊಳೀಲಿಲ್ಲ. ಆಗಸ್ಟ್ ಹದಿನೈದು ಹತ್ತಿರ ಬಂದಾಗ ಹನುಮಂತಪ್ಪ ಕಚೇರಿಯ ಖಾದಿ ಬಾವುಟ ನೋಡಿ ಮನಸಿಗೆ ಹಚ್ಚಿಕೊಂಡ. "ಏನ್ರಿ ಸರ ಇದು, ದೇಶದ ಬಾವುಟ ಹಿಂಗ ಮುದುಡಿಕೊಂಡ್ರ ಹೆಂಗ?" ಅಂತ ಮನಿಗೆ ಒಯ್ದ. ಭಕ್ತಿಯಿಂದ ಒಗದ. ಹೊಸಾ ಅಕ್ಕಿಯ ಗಟ್ಟಿ ಗಂಜಿಯೊಳಗ ಅದ್ದಿ, ನೆರಳಾಗ ಒಣಗಿಸಿ, ಇಸ್ತ್ರಿ ಹೊಡದು, ಮಡಚಿ ತಂದ.

"ಮುಟ್ಟಿ ನೋಡ್ರಿ ಸರ. ಮಂತ್ರಿಗೋಳ ಅಂಗಿ ಹಂಗ ಖಡಕ್ ಆಗೈತಿ."

ನಿಜವಾಗ್ಲೂ ಖಡಕ್ ಇತ್ತು. ಅದನ್ನ ಕಟ್ಟಿಗಿ ಕಪಾಟಿನಾಗ ಇಟ್ಟ.

ಹದಿನೈದರ ಮುಂಜಾನೆ ಕಪಾಟು ತಗದ್ವಿ. ನಮ್ಮ ಕಚೇರಿ ಇಲಿಗೋಳು ಅಲ್ಲಿತನಕ ಪಹಣಿ ತಿಂದು ಬದುಕಿದ್ವು, ಸೋನಾ ಮಸೂರಿ ರುಚಿ ಕಂಡಿರಲಿಲ್ಲ. ಮಡಚಿದ ಅರಬಿ ನೋಡ್ರಿ, ಒಂದು ಕಡೆ ಕಡದ್ರ ಬಿಚ್ಚಿದಾಗ ಎಲ್ಲಾ ಕಡೆ ತೂತು. ಕೇಸರಿಯೊಳಗ ತೂತು, ಹಸರಿನೊಳಗ ತೂತು, ಚಕ್ರದ ಗೆರಿ ಅರ್ಧಕ್ಕರ್ಧ ಮಾಯ. ಹನುಮಂತಪ್ಪ ಅದನ್ನ ಕೈಯಾಗ ಹಿಡಕೊಂಡು, "ಅಯ್ಯೋ ನನ್ನ ಕೈ ಮುರದು ಹೋಗ್ಲಿ" ಅಂತ ಸಣ್ಣ ಹುಡುಗರ ಹಂಗ ಅಳಾಕ ಹತ್ತಿದ.

ತಹಶೀಲ್ದಾರ್ ಸಾಹೇಬ್ರು ಹೊಸಬರು, ಅವರದು ಮೊದಲನೇ ಝಂಡಾ. "ಏನ್ರಿ ಬಸಣ್ಣನವರ, ಶಾಸಕರು ಹೊರಟಾರಂತ! ಬ್ಯಾರೆದು ತರಿಸ್ರಿ!" ಅಂತ ಕೂಗಿದ್ರು. ಪೇಟಿಗೆ ಮಂದಿ ಓಡಿದ್ರು. ಬ್ಯಾರೆ ಕಚೇರಿಯವರ ಬಾವುಟ ಅವರವರ ಕಂಬಕ್ಕ ಏರಿದ್ವು. ಅಂಗಡಿಯೊಳಗ ಗಾಡಿಗೆ ಸಿಗಸೋವು, ಎದಿಗೆ ಚುಚ್ಚೋವು ಬೇಕಾದಷ್ಟು. ಈಗ ಪಾಲಿಸ್ಟರ್ ಬಾವುಟಕ್ಕೂ ಪರವಾನಗಿ ಐತಿ, ಮನಿಮನಿಗೂ ಹಾರಸ್ತಾರ, ರಾತ್ರಿನೂ ಹಾರಸಬಹುದು. ಹಬ್ಬದ ಮರುದಿನ ಗಟಾರದಾಗ ಬಿದ್ದದ್ದನ್ನ ಹೆಕ್ಕೋ ಕೆಲಸ ಮಾತ್ರ ಹಳೆಯವರಿಗೆ ಬಿಟ್ಟಾರ. ಸಿಕ್ಕ ಒಂದ ಒಂದು ದೊಡ್ಡ ಪಾಲಿಸ್ಟರ್ ಬಾವುಟ ತಂದ್ರು. ಅದರ ಚಕ್ರ ತತ್ತಿ ಹಂಗ ಉದ್ದಗಿತ್ತು. "ನಡೀತೈತೇನ್ರಿ?" ಅಂದ್ರು ಸಾಹೇಬ್ರು. "ಫೋಟೊ ಪೇಪರಿಗೆ ಹೋಗ್ತೈತ್ರಿ" ಅಂದೆ. ಕೈಬಿಟ್ರು.

ಅಷ್ಟೊತ್ತಿಗೆ ಬಾಗಲದಾಗ ಹುಲಿಗೆಮ್ಮ ಬಂದು ನಿಂತಿದ್ದಳು, ಪ್ರತಿ ಸಲದಂಗ. ಆಕಿ ಹನುಮಂತಪ್ಪನ ಕೈಯಾಗಿದ್ದ ತೂತು ಬಿದ್ದ ಬಾವುಟ ನೋಡಿದಳು, ನನ್ನ ಮುಖ ನೋಡಿದಳು. ನನ್ನ ಕಣ್ಣು ತಾನ ಅಲ್ಮೇರಾದ ಕಡೆ ಹೋತು. ಕೇಳೋದು ಹೆಂಗ? ಆಕಿಗೆ ಉಳಿದದ್ದು ಅದೊಂದ.

"ನನ್ನದು ಏರಸ್ತೀರೇನ್ರಿ ಅಣ್ಣಾರ?" ಅಂತ ಆಕಿನೇ ಕೇಳಿದಳು.

ಸಾಹೇಬ್ರು ಯಾವುದು ಅಂದ್ರು. ನಾ ಎರಡು ಮಾತಿನಾಗ ಹೇಳಿದೆ. ಅವರು ತಡವರಿಸಿದ್ರು. "ಅಂದ್ರ... ಅದು... ಶಾಸಕರು ಮುಟ್ಟಬೇಕಾಗತೈತಲ್ರಿ."

"ಅಳತಿ ಸರಿ ಐತ್ರಿ, ಖಾದಿ ಐತ್ರಿ, ಒಂದು ಕಲೆ ಇಲ್ಲ," ಅಂದೆ. "ನಿಯಮದಾಗ ಮೈಲಿಗಿ ಅನ್ನೋ ಕಲಂ ಇದ್ರ ತೋರಸ್ರಿ, ನಾ ಬಿಟ್ಟುಬಿಡ್ತೀನಿ." ನನಗ ಸಿಟ್ಟು ಬಂದಿತ್ತು, ಅವತ್ತು ಮುಚ್ಚಿಡಲಿಲ್ಲ.

ಸಾಹೇಬ್ರು ಗಡಿಯಾರ ನೋಡಿದ್ರು. "ಯಾರಿಗೂ ಹೇಳಬ್ಯಾಡ್ರಿ, ಕಟ್ರಿ" ಅಂದ್ರು.

"ಒಂದು ಮಾತ್ರಿ," ಅಂದಳು ಹುಲಿಗೆಮ್ಮ. "ಸಂಜಿಗೆ ಇಳಿಸಿದ ಮ್ಯಾಲ ನನ್ನ ಕೈಯಾಗ ಕೊಡ್ರಿ. ಮತ್ತ ಅಲ್ಮೇರಾಕ್ಕ ಬ್ಯಾಡ."

ಪಕಳಿ ಹಾಕಿ ಮಡಚಿ, ಗಂಟು ಮೂರು ಸಲ ಬಿಚ್ಚಿ ಕಟ್ಟಿದೆ. ಅಷ್ಟು ವರ್ಷದಾಗ ಯಾವ ಗಂಟಿಗೂ ಅಷ್ಟು ಅಂಜಿರಲಿಲ್ಲ. ಶಾಸಕರು ಬಂದ್ರು, ಜಗ್ಗಿದ್ರು. ಗಂಟು ಬಿಚ್ಚಿತು, ಹೂವು ಉದುರಿದ್ವು, ಗಾಳಿ ಛಲೋ ಇತ್ತು, ಬಾವುಟ ಪೂರಾ ಬಿಚ್ಚಿಕೊಂಡು ಹಾರಿತು. ಇಡೀ ಮೈದಾನ ಸೆಲ್ಯೂಟ್ ಹೊಡೀತು. ಈಗ ತಮಾಷೆ ಕೇಳ್ರಿ. ಅವತ್ತು ಹುತಾತ್ಮ ಯೋಧರ ತಂದಿಗೋಳಿಗೆ ಸನ್ಮಾನ ಇತ್ತು. ವೇದಿಕಿಮ್ಯಾಲ ಮೊದಲನೇ ಕುರ್ಚಿಯೊಳಗ ಫಕೀರಪ್ಪ. ಹಿಂದಿನ ಸಾಲಿನಾಗ ಅವನ ಊರಿನ ಅದ ನಾಕು ಮಂದಿ ಹಿರ್ಯಾರು. ಹೆಂಡತಿಗೆ ಸನ್ಮಾನ ಮಾಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಆಕಿ ಹೆಣಮಕ್ಕಳ ಸಾಲಿನಾಗ ಬಿಸಲಾಗ ನಿಂತಿದ್ದಳು. ಫಕೀರಪ್ಪ ಎದ್ದು ನಿಂತು ಬಾವುಟ ನೋಡಿದ. ರುಮಾಲು ಸರಿ ಮಾಡಿಕೊಂಡು ಎರಡೂ ಕೈ ಎತ್ತಿ ಮುಗಿದ, ಆಮ್ಯಾಲ ಕೈ ಕಣ್ಣಿಗೊತ್ತಿಕೊಂಡ. ಹಿರ್ಯಾರೂ ಮುಗಿದ್ರು. ಶಾಸಕರು ಶಾಲು ಹೊದಿಸಿದ್ರು.

ಸಂಜಿಮುಂದ ಹೊತ್ತು ಮುಣುಗೋದ್ರಾಗ ಬಾವುಟ ಇಳಿಸಿದ್ವಿ. ಊರಿನವರು ಟ್ರ್ಯಾಕ್ಟರಿನಾಗ ಹೊಳ್ಳಿ ಹೋಗಾಕ ಕಚೇರಿ ಮುಂದ ಕುಂತಿದ್ರು. ಹವಾಲ್ದಾರ್ ಇಟ್ಟಂಗ ನಾನೂ ಹುಲಿಗೆಮ್ಮನ ಎರಡೂ ಕೈಮ್ಯಾಲ ಇಟ್ಟೆ. ಆಕಿ ಸೀದಾ ಮಾವನ ಮುಂದ ಹೋಗಿ ನಿಂತಳು.

"ಮಾವಾರ, ಮುಂಜಾನಿ ನೀವು ಕೈ ಮುಗಿದದ್ದು ಇದಕ್ಕರಿ. ಇದು ಅವರ ಮ್ಯಾಲಿಂದು."

ಫಕೀರಪ್ಪ ನನ್ನ ಕಡೆ ನೋಡಿದ. ನಾ ಹೌದು ಅಂತ ಗೋಣು ಹಾಕಿದೆ. ಒಬ್ಬ ಹಿರ್ಯಾ ಎದ್ದು, "ಇದು ಮೋಸ ಆತು! ಶಾಸಕರ ಕೈಲೆ ಹೆಣದ ಅರಬಿ ಮುಟ್ಟಿಸ್ಯಾರ" ಅಂತ ಶುರು ಮಾಡಿದ.

"ಸುಮ್ಮನ ಕುಂದ್ರೋ," ಅಂದ ಫಕೀರಪ್ಪ. ದನಿ ಒಡದಿತ್ತು. ಹೆಗಲಮ್ಯಾಲಿನ ಸನ್ಮಾನದ ಶಾಲು ತಗದು, ಝಾಡಿಸಿ, ಎರಡೂ ಕೈಮ್ಯಾಲ ಹಾಸಿ ಸೊಸಿ ಮುಂದ ಚಾಚಿದ. "ಇಡವಾ ಇದರ ಮ್ಯಾಲ. ಇಷ್ಟು ದಿನ ಅವನ್ನ ಹೊರಗ ನಿಂದ್ರಿಸಿಬಿಟ್ಟೆ ನಾನು. ನನ್ನ ಮಗನ್ನ ಮಂದಿ ಮನಿಯಾಗ ಬಿಟ್ಟೆ." ಅಂದವನೇ ಗಳಗಳ ಅತ್ತ. ಹುಲಿಗೆಮ್ಮನೂ ಅತ್ತಳು, ಮಣ್ಣಿನ ದಿನ ಅಳದಾಕಿ. ಟ್ರ್ಯಾಕ್ಟರಿನಾಗ ಉಳಿದವರು ಜಾಗ ಬಿಟ್ಟು ಕುಂತ್ರು. ಅದು ಗೌರವಕ್ಕೋ ಅಂಜಿಕಿಗೋ ನನಗ ಗೊತ್ತಾಗಲಿಲ್ಲ.

ನನಗ ಮೆಮೊ ಬಂತು, ಗಂಜಿ ಬಗ್ಗೆ ಸಮಜಾಯಿಷಿ ಕೇಳಿ. ಹನುಮಂತಪ್ಪನ ಹೆಸರು ಬರೀಲಿಲ್ಲ, ಇಲಿಗೋಳ ಮ್ಯಾಲ ಹಾಕಿದೆ.

ನಿವೃತ್ತಿ ಆದ ಮ್ಯಾಲ ಒಮ್ಮೆ ಆ ಕಡೆ ಲಗ್ನಕ್ಕ ಹೋದಾವ ಅವರ ಮನಿಗೂ ಹೋದೆ. ಬಾಗಲದಿಂದನ ಕಾಣ್ತಿತ್ತು, ದೇವರ ಜಗಲಿಮ್ಯಾಲ ಯಮನೂರಪ್ಪನ ಫೋಟೊ, ಅದರ ಮುಂದ ಆ ಶಾಲಿನ ಗಂಟು, ಮುಂದ ದೀಪ. ನಾ ಖುಷಿಯಾಗಿ ಒಂದು ಕಾಲು ಒಳಗ ಇಟ್ಟೆ.

"ಏ ಏ, ನಿಂದ್ರಿ ಸಾಹೇಬ್ರ!" ಅಂತ ಫಕೀರಪ್ಪ ಓಡಿ ಬಂದು ಹೊಸ್ತಿಲದಾಗ ಅಡ್ಡ ನಿಂತ, ಅದ ಜಾಗದಾಗ, ಅವತ್ತಿನಂಗ. "ಬಸ್ಸಿನಾಗ ಯಾರ್‍ಯಾರನ್ನ ಮುಟ್ಟಿ ಬಂದೀರೋ ಏನೋ. ಹುಲಿಗೆಮ್ಮಾ, ಸಾಹೇಬ್ರಿಗೆ ಒಂದು ತಂಬಿಗಿ ನೀರು ಕೊಡು. ಒಳಗ ಜಗಲಿಮ್ಯಾಲ ನಮ್ಮ ಹುಡುಗ ಅದಾನ, ಕಾಲು ತೊಳಕೊಂಡು ಬರ್ರಿ."

ನಾ ಕೆಳಗಿಳಿದು ಕಾಲು ತೊಳಕೊಂಡೆ.